ಮಾವನವರು ಕಲಿಸಿದ ಫ್ರೆಂಚ್

ನನಗೆ ಫ್ರೆಂಚ್ ಬರುತ್ತದೆ ಎಂಬ ಸಂಗತಿಯನ್ನು ನನ್ನ ಮದುವೆಯ ಮಾತುಕತೆಯಲ್ಲಿ ಯಾರೂ ಎತ್ತಲಿಲ್ಲ. ಹಾಡಲು ಬರುತ್ತದೆಯೇ ಎಂದು ಕೇಳಿದರು, ಹೋಳಿಗೆ ತಟ್ಟಲು ಬರುತ್ತದೆಯೇ ಎಂದು ಕೇಳಿದರು. ನಮ್ಮಮ್ಮ ಎರಡಕ್ಕೂ ಹೂಂ ಎಂದು ಸುಳ್ಳು ಹೇಳಿದರು. ನಿಜವಾಗಿ ಬರುತ್ತಿದ್ದ ಒಂದರ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಅವರನ್ನು ಅಂದು ಪ್ರಯೋಜನವಿಲ್ಲ. ಬರುತ್ತಿತ್ತು ಎಂದರೆ ನನಗೂ ಅದು ಕಾಗದದ ಮೇಲೆ ಬರುತ್ತಿತ್ತು, ಅಷ್ಟೇ.

ಆ ಕಾಲದಲ್ಲಿ ಕಾಲೇಜಿನ ಎರಡನೆಯ ಭಾಷೆಗೆ ಫ್ರೆಂಚ್ ತೆಗೆದುಕೊಳ್ಳುತ್ತಿದ್ದವರೆಲ್ಲ ಒಂದೇ ಕಾರಣಕ್ಕೆ ತೆಗೆದುಕೊಳ್ಳುತ್ತಿದ್ದೆವು. ನಂಬರು ಚೆನ್ನಾಗಿ ಬೀಳುತ್ತಿತ್ತು. ನಮಗೆ ಪಾಠ ಹೇಳಿದ ಮೇಷ್ಟ್ರು ಆ ಭಾಷೆಯನ್ನು ಕಣ್ಣಿನಿಂದ ಕಲಿತವರು, ನಾವೂ ಕಣ್ಣಿನಿಂದಲೇ ಕಲಿತೆವು. ವ್ಯಾಕರಣ ಬಾಯಿಪಾಠ, ಇಂಗ್ಲಿಷಿನಿಂದ ಭಾಷಾಂತರ, ಇಂಗ್ಲಿಷಿಗೆ ಭಾಷಾಂತರ. ಗಟ್ಟಿಯಾಗಿ ಓದಬೇಕಾದಾಗ ನಮ್ಮ ಬಾಯಿಗೆ ಬಂದ ಹಾಗೆ ಓದುತ್ತಿದ್ದೆವು. ಕೇಳಿ ನಗುವುದಕ್ಕೆ ಊರಿನಲ್ಲಿ ಫ್ರೆಂಚರು ಯಾರೂ ಇರಲಿಲ್ಲವಾದ್ದರಿಂದ ಮರ್ಯಾದೆಗೆ ಕುಂದು ಬರಲಿಲ್ಲ.

ಮದುವೆಯಾಗಿ ಜಯನಗರದ ಮನೆಗೆ ಬಂದೆ. ಐವತ್ತರ ದಶಕದ ಕೊನೆಯ ವರ್ಷಗಳು. ಜಯನಗರ ಆಗಿನ್ನೂ ನಕಾಶೆಯಲ್ಲಿ ಇದ್ದಷ್ಟು ನೆಲದ ಮೇಲೆ ಇರಲಿಲ್ಲ. ನನ್ನ ಯಜಮಾನರ ಹೆಸರಿಗೆ ಸಿಕ್ಕಿದ್ದ ಸೈಟಿನಲ್ಲಿ ಕಟ್ಟಿದ ಮನೆ. ಮುಂದೆ ಅಳತೆಕಲ್ಲು ನೆಟ್ಟ ಖಾಲಿ ಜಾಗ, ಹಿಂದೆ ರಾಗಿ ಹೊಲ. ಬಸ್ಸಿಳಿದು ಕೆಂಪು ಮಣ್ಣಿನ ರಸ್ತೆಯಲ್ಲಿ ನಡೆದು ಬಂದರೆ ಸೀರೆಯ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಬಸವನಗುಡಿಯಲ್ಲಿ ನಾಲ್ಕು ಜನರ ನಡುವೆ ಬದುಕಿದ್ದ ಅತ್ತೆಯವರಂತೂ, ಮಗ ತಮ್ಮನ್ನು ತಂದು ಕಾಡಿಗೆ ಹಾಕಿದ ಎಂದು ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಹೇಳುತ್ತಿದ್ದರು.

ಮಾವನವರು ಏನೂ ಹೇಳುತ್ತಿರಲಿಲ್ಲ. ಅವರು ಮೃದಂಗದವರು. ದೊಡ್ಡ ಹೆಸರೇನಲ್ಲ, ಆದರೆ ರಾಮನವಮಿಯ ಪೆಂಡಾಲುಗಳಲ್ಲಿ ಹಾಡುವವರು ಇವರು ಪಕ್ಕದಲ್ಲಿ ಕೂತರೆ ನೆಮ್ಮದಿಯಾಗಿ ಹಾಡುತ್ತಿದ್ದರಂತೆ. ಬಸವನಗುಡಿಯ ಮನೆಯಲ್ಲಿ ಬೆಳಗ್ಗೆ ಸಂಜೆ ಶಿಷ್ಯರು. ನಾನು ಸೊಸೆಯಾಗಿ ಬರುವುದಕ್ಕೆ ಮೊದಲೇ ಅವರ ಎಡಗೈ ಬೆರಳುಗಳು ಬಿಗಿದುಕೊಂಡಿದ್ದವು. ವೈದ್ಯರು ಎಣ್ಣೆ ಕೊಟ್ಟರು, ಇನ್ನೊಬ್ಬ ವೈದ್ಯರು ಬೇರೆ ಎಣ್ಣೆ ಕೊಟ್ಟರು. ಬೆರಳು ಮಡಿಸಿದ್ದು ಮಡಿಸಿಯೇ ಉಳಿಯಿತು. ನುಡಿಸಿ ತೋರಿಸಲಾಗದ ಗುರುವಿನ ಹತ್ತಿರ ಎಷ್ಟು ದಿನ ಶಿಷ್ಯರು ಬಂದಾರು? ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದರು. ಕೊನೆಯವನು ವಿಲ್ಸನ್ ಗಾರ್ಡನ್‌ನಿಂದ ಬರುತ್ತಿದ್ದವನು, ಜಯನಗರ ದೂರವಾಯಿತು ಎಂದು ಹೇಳಿ ನಮಸ್ಕಾರ ಮಾಡಿ ಹೋದನಂತೆ. ವಿಲ್ಸನ್ ಗಾರ್ಡನ್‌ನಿಂದ ಜಯನಗರ ಏನು ದೂರ ಎಂದು ನಾನು ಮನಸ್ಸಿನಲ್ಲೇ ಅವನನ್ನು ಬೈದಿದ್ದೇನೆ. ಅಂದಿನಿಂದ ಮೃದಂಗ ಹಳೆಯ ಸೀರೆಯ ಗವಸು ಹಾಕಿಕೊಂಡು ಮೂಲೆ ಸೇರಿತ್ತು. ಮಾವನವರು ಹೊರಗಿನ ಜಗಲಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಖಾಲಿ ಸೈಟುಗಳನ್ನು ನೋಡುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು. ಕರೆಯದಿದ್ದರೆ ಅಲ್ಲೇ ಇರುತ್ತಿದ್ದರು.

ಹೀಗಿರುವಾಗ ನನ್ನ ಸಹಪಾಠಿಯೊಬ್ಬಳು ಸುದ್ದಿ ತಂದಳು. ದಂಡಿನ, ಎಂದರೆ ಕಂಟೋನ್ಮೆಂಟಿನ, ಕಡೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಹೆಣ್ಣುಮಕ್ಕಳ ಕಾಲೇಜೊಂದಕ್ಕೆ ಫ್ರೆಂಚ್ ಪಾಠ ಹೇಳುವವರು ಬೇಕಾಗಿದ್ದಾರೆ ಎಂದು. ನನ್ನ ಯಜಮಾನರು, “ಹೋಗಿ ಕೇಳ್ಕೊಂಡು ಬಾ, ಕೇಳೋದಕ್ಕೇನು” ಎಂದರು. ಅವರು ಯಾವುದಕ್ಕೂ ಬೇಡ ಎನ್ನದ ಮನುಷ್ಯ. ಬೇಡ ಎನ್ನಲು ಬೇಕಾದ ತೊಂದರೆಯನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅತ್ತೆಯವರು ಮಾತ್ರ, “ಅಷ್ಟು ದೂರಾನಾ?” ಎಂದರು. ಆದರೆ ಮಡಿಚಿಟ್ಟಿದ್ದ ತಮ್ಮ ಒಳ್ಳೆಯ ಶಾಲನ್ನು ತಾವೇ ತಂದು ಕೊಟ್ಟರು.

ಆ ಕಾಲೇಜಿನ ಮುಖ್ಯಸ್ಥೆ ನನ್ನ ನಂಬರುಗಳನ್ನು ನೋಡಿ ತಲೆದೂಗಿದರು. ಆಮೇಲೆ ಒಂದು ಪುಸ್ತಕ ತೆರೆದು, “ಓದಿ” ಎಂದರು. ನಾನು ಓದಿದೆ. ಅರ್ಧ ಪುಟವೂ ಆಗಿರಲಿಲ್ಲ, ಅವರು ಕೈಯೆತ್ತಿ ನಿಲ್ಲಿಸಿದರು. ಅವರು ಇಂಗ್ಲಿಷಿನಲ್ಲಿ ಬಹಳ ಮೆತ್ತಗೆ ಹೇಳಿದ ಮಾತು ಇಷ್ಟು: ನಿಮಗೆ ಭಾಷೆ ಗೊತ್ತು, ಆದರೆ ನೀವು ಪ್ರತಿಯೊಂದು ಮಾತಿನ ತಲೆಯ ಮೇಲೂ ಒಂದು ಏಟು ಕೊಡುತ್ತೀರಿ. ಫ್ರೆಂಚರು ಹಾಗೆ ಮಾಡುವುದಿಲ್ಲ. ಎರಡು ಮೂರು ಪದ ಸೇರಿ ಒಂದಾದ ಮೇಲೆ ಅದನ್ನು ಬಿಡಿಸಿ ಹೇಳಬಾರದು. ಎಲ್ಲ ಅಕ್ಷರಗಳನ್ನೂ ಒಂದೇ ಸಮನೆ ನಡೆಸಿಕೊಂಡು ಹೋಗಿ ಕೊನೆಯದರ ಮೇಲೆ ಮಾತ್ರ ಭಾರ ಹಾಕಬೇಕು.

ನಾನು ಎದ್ದು ಹೊರಡಲು ಸಿದ್ಧಳಾದೆ. ಅವರೇ ಕೂರಿಸಿದರು. ಬೇಸಗೆ ರಜೆ ಮುಗಿದು ಕಾಲೇಜು ತೆರೆಯುವ ಹೊತ್ತಿಗೆ ಫ್ರಾನ್ಸಿನಲ್ಲೇ ಹುಟ್ಟಿದ ಹಿರಿಯ ಸಿಸ್ಟರ್ ಒಬ್ಬರು ಊಟಿಯಿಂದ ಬರುತ್ತಾರೆ, ಅವರ ಎದುರು ಇನ್ನೊಂದು ಸಲ ಓದಿ, ಅವರು ಒಪ್ಪಿದರೆ ಕೆಲಸ ನಿಮ್ಮದು ಎಂದರು. ಉಚ್ಚಾರಣೆಯ ಒಂದು ತೆಳು ಪುಸ್ತಕವನ್ನೂ ಕೊಟ್ಟು ಕಳಿಸಿದರು.

ಆ ಕೆಲಸ ನನಗೆ ಬೇಕಿತ್ತು. ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ ಎಂದಲ್ಲ, ಹೊತ್ತೇ ಸಾಲುತ್ತಿರಲಿಲ್ಲ. ಆದರೆ ಅಷ್ಟು ವರ್ಷ ಉರುಹೊಡೆದದ್ದು ಹೊಟ್ಟೆಯಲ್ಲೇ ಕೊಳೆತುಹೋಗುತ್ತದಲ್ಲ ಎಂದು ನೆನೆಸಿಕೊಂಡರೆ ಅಳು ಬರುತ್ತಿತ್ತು. ಬಸ್ಸಿನಲ್ಲಿ ಬರುವಾಗ, ಸಿಗದಿದ್ದರೆ ಏನು ಮಾಡುವುದು ಎಂದು ಯೋಚಿಸಿದೆ. ಮಾಡುವುದೇನೂ ಇರಲಿಲ್ಲ. ಅಂಥ ಇನ್ನೊಂದು ಕೆಲಸ ಈ ಊರಿನಲ್ಲಿ ಇರಲಿಲ್ಲ.

ಮರುದಿನದಿಂದ ಊಟದ ಪಾತ್ರೆ ತೊಳೆದ ಮೇಲೆ ನಡುಮನೆಯಲ್ಲಿ ಕೂತು ಓದತೊಡಗಿದೆ. ಪುಸ್ತಕದ ತುಂಬ ಜೋಡಿಪದಗಳು. ಪ್ರತಿಯೊಂದರ ಅರ್ಥವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಂಡೇ ಓದುತ್ತಿದ್ದೆ. ಆಲೂಗಡ್ಡೆಗೆ ಅವರು ‘ಭೂಮಿಯ ಸೇಬು’ ಎನ್ನುತ್ತಾರೆ, ಪೊಮ್-ದ-ತೆರ್. ರೈಲುದಾರಿಗೆ ‘ಕಬ್ಬಿಣದ ಹಾದಿ’, ಶ-ಮ್ಯಾಂ-ದ-ಫೆರ್. ಕಾಮನಬಿಲ್ಲಿಗೆ ‘ಆಕಾಶದಲ್ಲಿನ ಬಿಲ್ಲು’, ಆರ್-ಕಾಂ-ಸಿಯೆಲ್. ಬಿಲ್ಲು ಎಂಬ ಪದದ ಕೊನೆಯ ಕಕಾರ ತನ್ನ ಮನೆ ಬಿಟ್ಟು ಮುಂದಿನ ಪದಕ್ಕೆ ಹೋಗಿ ಸೇರಿಕೊಳ್ಳುತ್ತದೆ. ಒಂಟಿಯಾಗಿದ್ದಾಗ ತನ್ನದೇ ತೂಕವಿದ್ದ ಪದ, ಇನ್ನೊಂದರ ಜೊತೆ ಕೂಡಿದೊಡನೆ ತೂಕವನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟು ಹಗುರವಾಗಿಬಿಡಬೇಕು. ಹೊಸದಾಗಿ ಮದುವೆಯಾದವಳಿಗೆ ಓದಲು ಇದಕ್ಕಿಂತ ಹಿತವಾದ ನಿಯಮ ಸಿಗಲಿಲ್ಲವೇ ಎಂದು ನನಗೆ ಪುಸ್ತಕದ ಮೇಲೇ ಕೋಪ ಬಂತು.

ನಿಯಮ ಅರ್ಥವಾಯಿತು, ಆದರೆ ನಾಲಗೆಗೆ ಅರ್ಥವಾಗಲಿಲ್ಲ. ಕನ್ನಡದ ಬಾಯಿ ಮೊದಲ ಅಕ್ಷರವನ್ನೇ ಕುಟ್ಟುತ್ತಿತ್ತು. ಅತ್ತೆಯವರು ಅಡಿಗೆಮನೆಯಿಂದ ಇಣುಕಿ, “ಯಾಕೇ ಹಾಗೆ ಬೆದರಿಸ್ತಿದ್ದೀಯಾ ಆ ಪುಸ್ತಕಾನ?” ಎಂದು ಕೇಳಿದರು.

ಕೆಲವು ದಿನ ಹೀಗೆ ನಡೆದ ಮೇಲೆ, ಒಂದು ಮಧ್ಯಾಹ್ನ ಜಗಲಿಯಿಂದ ದನಿ ಬಂತು.

“ಲಯಾನೇ ಇಲ್ವಲ್ಲಮ್ಮಾ. ಓಡ್ತೀಯ, ನಿಲ್ತೀಯ, ಎಡವಿ ಬೀಳ್ತೀಯ, ಮತ್ತೆ ಓಡ್ತೀಯ.”

ಮಾವನವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಗಾಬರಿಯೇ ಆಯಿತು.

“ಇದು ಸಂಗೀತ ಅಲ್ಲ ಮಾವ. ಫ್ರೆಂಚು.”

“ಏನಾದ್ರೂ ಆಗ್ಲಿ. ಬಾಯಲ್ಲಿ ಹೇಳೋದು ತಾನೆ? ಬಾಯಲ್ಲಿ ಹೇಳೋದಕ್ಕೆಲ್ಲ ಲಯ ಇರ್ಲೇಬೇಕು. ಆ ಕಬ್ಬಿಣದ್ದು ಏನೋ ಹೇಳ್ತಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು.”

ಹೇಳಿದೆ. ಅವರು ಬಲಗೈಯನ್ನು ತೊಡೆಯ ಮೇಲೆ ತಟ್ಟಿ, “ನಾಲ್ಕಕ್ಷರ. ತಕಧಿಮಿ,” ಎಂದರು. ಆಲೂಗಡ್ಡೆ ಮೂರಕ್ಷರ, ತಕಿಟ. ಕಾಮನಬಿಲ್ಲೂ ತಕಿಟ. ಮಧ್ಯಾಹ್ನಕ್ಕೆ ಏನನ್ನುತ್ತಾರೆ ಎಂದು ಕೇಳಿದರು. ಆ-ಪ್ರೆ-ಮಿ-ದಿ ಎಂದೆ. “ತಕಧಿಮಿ,” ಎಂದು ಕಣ್ಣರಳಿಸಿದರು. ಪದದ ಅರ್ಥ ಅವರಿಗೆ ಬೇಕಿರಲಿಲ್ಲ. ಎಷ್ಟು ಅಕ್ಷರ, ಅದಷ್ಟೇ. ಮೃದಂಗದ ಪಾಠದಲ್ಲಿ ಕೈ ನುಡಿಸುವುದನ್ನು ಮೊದಲು ಬಾಯಲ್ಲಿ ಹೇಳಿ ಕಲಿಯುತ್ತಾರೆ. ಆ ಹೇಳುವ ಅಕ್ಷರಗಳಿಗೆ ಸೊಲ್ಲು ಎಂದು ಹೆಸರು. ನನ್ನ ಪುಸ್ತಕದ ಪದಗಳೆಲ್ಲ ಒಂದು ಮಧ್ಯಾಹ್ನದಲ್ಲಿ ಸೊಲ್ಲುಗಳಾಗಿಹೋದವು.

ಇಲ್ಲಿ ಒಂದು ತೊಡಕು ಬಂತು. ಪಾಠವೆಂದರೆ ಗುರುವಿನ ಎದುರು ಕೂತು ಹೇಳಿಸಿಕೊಳ್ಳಬೇಕು. ಸೊಸೆಯಾದವಳು ಮಾವನ ಎದುರು ಕೂರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಿಂತುಕೊಂಡೇ ಕಲಿಯುತ್ತೇನೆ ಎಂದರೆ, ನಿಂತವರಿಗೆ ತಾಳ ಹಾಕಲು ತೊಡೆ ಎಲ್ಲಿ? ಅತ್ತೆಯವರು ಎರಡು ದಿನ ನೋಡಿದರು. ಮೂರನೆಯ ದಿನ ಊಟದ ಮಣೆಯೊಂದನ್ನು ತಂದು ಹೊಸ್ತಿಲ ಒಳಗಡೆ ಹಾಕಿದರು. “ನೀನು ಒಳಗಿರ್ತೀಯ, ಅವರು ಹೊರಗಿರ್ತಾರೆ. ಎದುರು ಕೂತ ಹಾಗೂ ಆಯ್ತು, ಕೂರದ ಹಾಗೂ ಆಯ್ತು,” ಎಂದರು. ಹೈಕೋರ್ಟಿನಲ್ಲಿ ಕೂರಬೇಕಾದ ಹೆಂಗಸು.

ಮೊದಲ ಜಗಳ ಏಟಿನ ಬಗ್ಗೆ ಬಂತು. ಮಾವನವರು ತಕಿಟ ಎನ್ನುವಾಗ ಸಹಜವಾಗಿ ‘ತ’ದ ಮೇಲೆ ತಟ್ಟುತ್ತಿದ್ದರು.

“ಮಾವ, ಪುಸ್ತಕದಲ್ಲಿ ಭಾರ ಕೊನೇಲಿ ಅಂತ ಇದೆ. ಮೊದಲನೆ ಅಕ್ಷರಕ್ಕೆ ಅಲ್ಲ.”

“ಕೊನೇಲಿ ತಟ್ಟೋ ತಾಳ ಯಾವ ಲೋಕದಲ್ಲಿದೆ? ತಾಳ ಶುರುವಾಗೋದೇ ಏಟಿಂದ.”

“ಅವರ ಲೋಕದಲ್ಲಿ ಇದೆಯಂತೆ.”

“ಹಾಗಾದ್ರೆ ಅವರ ಹತ್ರಾನೇ ಕಲ್ತ್ಕೋ,” ಎಂದು ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡರು.

ನನಗೂ ರೋಷ ಬಂತು. ಮುಖ ಊದಿಸಿಕೊಂಡು ನಾನು ನಡುಮನೆಯಲ್ಲಿ, ಮುಖ ಊದಿಸಿಕೊಂಡು ಅವರು ಜಗಲಿಯಲ್ಲಿ. ನಡುವೆ ಖಾಲಿ ಮಣೆ. ಅತ್ತೆಯವರು ದಾಟಿ ಓಡಾಡುವಾಗಲೆಲ್ಲ, “ಸಣ್ಣ ಮಕ್ಕಳೇ ವಾಸಿ,” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಳ್ಳುತ್ತಿದ್ದರು. ದಿನಗಳು ಕಳೆಯುತ್ತಿದ್ದವು. ಊಟಿಯಿಂದ ಬರುವವರು ಬಂದೇ ಬರುತ್ತಾರೆ ಎಂಬ ಯೋಚನೆ ಊಟಕ್ಕೆ ಕೂತಲ್ಲೂ ನನ್ನನ್ನು ಬಿಡುತ್ತಿರಲಿಲ್ಲ. ಒಬ್ಬಳೇ ಓದಿದರೆ ಮತ್ತೆ ಅದೇ ಕುಟ್ಟಾಣಿ.

ಒಂದು ಬೆಳಗ್ಗೆ ನಾನು ಬಾವಿಯಿಂದ ನೀರು ಸೇದುತ್ತಿದ್ದೆ. ಮಾವನವರು ಹಿತ್ತಲಿಗೇ ಬಂದರು. ಹಿತ್ತಲಿಗೆ ಅವರು ಎಂದೂ ಬರುತ್ತಿರಲಿಲ್ಲ.

“ತದಿಗಿಣತೊಂ,” ಎಂದರು.

ನಾನು ಹಗ್ಗ ಹಿಡಿದುಕೊಂಡೇ ನಿಂತೆ.

“ಕೇಳಿಸ್ಕೋ. ತ, ದಿ, ಗಿ, ಣ, ನಾಲ್ಕೂ ಹಗುರ, ಒಂದೇ ಸಮ. ತೊಂ ಅನ್ನೋದು ಭಾರ. ಮುಕ್ತಾಯ ಅಮ್ಮಾ ಅದು. ನಿನ್ನ ಫ್ರೆಂಚ್‌ನೋರು ಶುರುವಿಂದ ಮಾತಾಡಲ್ಲ, ಬಾಯಿ ಬಿಟ್ರೆ ಮುಕ್ತಾಯಾನೇ ಹೇಳ್ತಾರೆ. ರಾತ್ರಿಯೆಲ್ಲ ಯೋಚನೆ ಮಾಡ್ದೆ. ಹಾಗೇ ಇರ್ಬೇಕು.”

ಮುಕ್ತಾಯವೆಂದರೆ ಮೃದಂಗದವರು ಒಂದು ಸುತ್ತನ್ನು ಮುಗಿಸುವ ರೀತಿ. ಒಂದು ತುಂಡನ್ನು ಮೂರು ಸಲ ಹೇಳುತ್ತಾರೆ. ಮೂರನೆಯದು ಮುಗಿಯುವುದಕ್ಕೂ ತಾಳದ ಮೊದಲ ಏಟು ಬೀಳುವುದಕ್ಕೂ ಸರಿಹೋಗಬೇಕು. ಆ ಏಟಿಗೆ ಸಮ ಎನ್ನುತ್ತಾರೆ. ನಾನು ಕೊಡವನ್ನು ಅಲ್ಲೇ ಇಟ್ಟು, ಒದ್ದೆ ಕೈಯಲ್ಲಿ, ಶ-ಮ್ಯಾಂ-ದ-ಫೆರ್ ಎಂದೆ. ತ-ಕಿ-ಟ-ತೊಂ. ಮೂರು ಅಕ್ಷರ ಹಾಗೆಯೇ ಜಾರಿಹೋಗಿ ಫೆರ್ ಮೇಲೆ ನಾಲಗೆ ಇಳಿಯಿತು. ಪುಸ್ತಕ ಓದಿ ಓದಿ ಆಗದಿದ್ದದ್ದು ಬಾವಿಕಟ್ಟೆಯಲ್ಲಿ ಆಗಿಹೋಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವರ ಎದುರು ನಕ್ಕುಬಿಟ್ಟೆ. ಅವರೂ ನಕ್ಕರು.

ಆ ಮೇಲೆ ಪಾಠ ಗಟ್ಟಿಯಾಯಿತು. ಮಾವನವರು ಹಳೆಯ ಗುರುವಾಗಿಬಿಟ್ಟರು. ಶಿಷ್ಯನ ಬಾಯಲ್ಲಿ ಸೊಲ್ಲು ನಿಲ್ಲುವವರೆಗೆ ವಾದ್ಯ ಮುಟ್ಟಿಸಬಾರದು ಎಂಬುದು ಅವರ ಕಟ್ಟು. ಆದ್ದರಿಂದ ನನಗೆ ಫ್ರೆಂಚ್ ಮುಟ್ಟಿಸಲಿಲ್ಲ. ಒಂದು ಪುಟವನ್ನು ಮೊದಲು ಪೂರ್ತಿ ಸೊಲ್ಲಿನಲ್ಲಿ ಹೇಳಬೇಕು. ತಕತೊಂ, ತಕಿಟತೊಂ, ತದಿಗಿಣತೊಂ ಎಂದು ಮೇಲಿನಿಂದ ಕೆಳಗಿನವರೆಗೆ. ಅದು ತಪ್ಪಿಲ್ಲದೆ ಬಂದ ಮೇಲೆ ಪದಗಳನ್ನು ಹಾಕಿ ಓದಬೇಕು. ವಾಕ್ಯದ ಒಂದು ಭಾಗದೊಳಗೆ ಎಷ್ಟೇ ಪದವಿರಲಿ, ಏಟು ಒಂದೇ, ಅದೂ ಕೊನೆಯಲ್ಲಿ. ಮಧ್ಯದಲ್ಲಿ ಎಲ್ಲಾದರೂ ಕುಟ್ಟಿದೆನೋ, “ಯಾಕಲ್ಲಿ ಇಳಿದೆ? ನಿನ್ನ ಸ್ಟಾಪು ಇನ್ನೂ ಬಂದಿಲ್ಲ,” ಎನ್ನುತ್ತಿದ್ದರು. ಕೆಂಪು ಬಸ್ಸಿನಲ್ಲಿ ಓಡಾಡುತ್ತಿದ್ದ ನನಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಇನ್ನೊಂದು ಕಟ್ಟೂ ಇತ್ತು. ಮುಕ್ತಾಯವಿಲ್ಲದೆ ಪಾಠ ಬಿಟ್ಟು ಏಳುವಂತಿಲ್ಲ. ದಿನದ ಓದು ಯಾವ ಪದಕ್ಕೆ ನಿಂತರೂ ಆ ಕೊನೆಯ ಪದವನ್ನು ಮೂರು ಸಲ ಹೇಳಿ ಸಮಕ್ಕೆ ತಂದು ಮುಗಿಸಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ.

ಬೀದಿಗೆ ಸುದ್ದಿಯಾಯಿತು. ಬೀದಿ ಎಂದರೆ ಆಗ ನಾಲ್ಕಾರು ಮನೆ. ಎದುರು ಸಾಲಿನ ಮನೆಯಾಕೆ ಬಂದು, “ನಿಮ್ಮ ಸೊಸೆ ಮೃದಂಗ ಕಲೀತಿದ್ದಾರಂತೆ?” ಎಂದು ಕೇಳಿದರೆ ಅತ್ತೆಯವರು, “ಇಲ್ಲಮ್ಮ, ನಮ್ಮೆಜಮಾನ್ರು ಫ್ರೆಂಚ್ ಕಲೀತಿದಾರೆ,” ಎಂದುಬಿಟ್ಟರು. ಆಕೆ ಎಷ್ಟೋ ದಿನ ಮಾವನವರನ್ನು ಕಂಡಾಗ ದಾರಿ ಬಿಟ್ಟು ನಿಲ್ಲುತ್ತಿದ್ದರು.

ಎಡಗೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಮಲಗಿರುತ್ತಿತ್ತು. ಅದು ಕೊನೆಯವರೆಗೂ ಹಾಗೆಯೇ ಇತ್ತು. ಫ್ರೆಂಚ್ ಕಲಿಸಿದ್ದರಿಂದ ಯಾರ ಕೈಯೂ ನೆಟ್ಟಗಾಗುವುದಿಲ್ಲ. ಆದರೆ ಅವರು ಬೆಳಗ್ಗೆ ಎದ್ದು ಬೇಗ ಸ್ನಾನ ಮಾಡತೊಡಗಿದರು. ಊಟಕ್ಕೆ ನಾವು ಕರೆಯುವ ಮೊದಲೇ ಬಂದು, ಇವತ್ತು ತಡವಾಯಿತಲ್ಲ ಎಂದು ತಟ್ಟೆಯ ಮುಂದೆ ಕೂರುತ್ತಿದ್ದರು. ಬೇಗ ಉಂಡರೆ ಬೇಗ ಪಾಠ.

ಒಂದು ಮಧ್ಯಾಹ್ನ ಅವರು ತಾವಾಗಿಯೇ ಕೇಳಿದರು. “ಸೊಸೆಗೆ ಏನಂತಾರೆ ಅವರಲ್ಲಿ?”

“ಬೆಲ್-ಫೀಯ್ ಅಂತಾರೆ ಮಾವ. ಇದೂ ಜೋಡಿಪದ.”

“ಬಿಡಿಸಿದ್ರೆ?”

“ಬೆಲ್ ಅಂದ್ರೆ ಚೆಂದದ. ಫೀಯ್ ಅಂದ್ರೆ ಮಗಳು.”

“ಏಟು ಎಲ್ಲಿ ಬೀಳತ್ತೆ?”

“ಕೊನೇಲಿ. ಮಗಳು ಅನ್ನೋದರ ಮೇಲೆ.”

ಅವರು ತೊಡೆಯ ಮೇಲೆ ಆ ಎರಡಕ್ಷರ ತಟ್ಟಿ ನೋಡಿದರು. “ಸರಿಯಾಗೇ ಇದೆ,” ಎಂದು, ಮುಂದಿನ ಪುಟ ತೆಗೆ ಎಂದರು. ನಾನು ಪುಟ ತಿರುಗಿಸುವ ನೆವದಲ್ಲಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡೆ. ಆ ಮನೆಯಲ್ಲಿ ನನಗೆ ನೆಲೆ ಸಿಕ್ಕಿದ್ದು ಆ ಹೊತ್ತಿನಲ್ಲಿ.

ಮಳೆ ಶುರುವಾಯಿತು. ಊಟಿಯ ಸಿಸ್ಟರ್ ಬಂದಿದ್ದಾರೆ ಎಂದು ಕಾಲೇಜಿನಿಂದ ಹೇಳಿಕಳಿಸಿದರು. ಹೊರಡುವ ದಿನ ಮಾವನವರಿಗೆ ನಮಸ್ಕಾರ ಮಾಡಿದೆ. ಸಂಗೀತ ಕಚೇರಿಗೆ ಹೊರಟ ಶಿಷ್ಯನಿಗೆ ಹೇಳುವಂತೆ, “ಅವಸರ ಮಾಡ್ಬೇಡ. ಸಭೆ ನೋಡಿ ಕಾಲ ಏರಿಸ್ಬೇಡ,” ಎಂದರು. ಬೆಳಗಿನ ತಿಂಡಿಯನ್ನು ಅವರು ಮುಟ್ಟಿರಲಿಲ್ಲ ಎಂದು ಅತ್ತೆಯವರು ಬಾಗಿಲ ತನಕ ಬಂದು ನನ್ನ ಕಿವಿಯಲ್ಲಿ ಹೇಳಿದರು.

ಹಿರಿಯ ಸಿಸ್ಟರ್ ನಿಜವಾಗಿಯೂ ಬಹಳ ವಯಸ್ಸಾದವರು. ಮುಖ್ಯಸ್ಥೆಯ ಪಕ್ಕದಲ್ಲಿ ಕುರ್ಚಿಗೆ ಒರಗಿ ಕೂತಿದ್ದರು. ನನಗೆ ಓದಲು ಕೊಟ್ಟದ್ದು ಒಂದು ಹಳ್ಳಿಯ ವರ್ಣನೆ. ಮಧ್ಯಾಹ್ನ ಮಳೆ ಬಂದು, ರೈಲುದಾರಿಯ ಪಕ್ಕದ ಆಲೂಗಡ್ಡೆ ಹೊಲಗಳೆಲ್ಲ ನೆನೆದು, ಕೊನೆಗೆ ಬಿಸಿಲು ಬಂದು ಕಾಮನಬಿಲ್ಲು ಕಾಣುತ್ತದೆ. ಪುಟದ ತುಂಬ ನನ್ನ ಜೋಡಿಪದಗಳೇ. ಸೆರಗಿನ ಕೆಳಗೆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಶುರುಮಾಡಿದೆ. ಎರಡು ಸಾಲು ಓದುವಷ್ಟರಲ್ಲಿ ಸಿಸ್ಟರ್ ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಅಂದುಕೊಂಡೆ. ಬರಲಿ ಎಂದು ಮುಂದೆ ಹೋದೆ. ತಾಳ ಕೈಯಲ್ಲಿತ್ತು, ನಾಲಗೆ ಅದರ ಹಿಂದೆ ನಡೆಯುತ್ತಿತ್ತು, ಎಲ್ಲೂ ಎಡವಲಿಲ್ಲ. ಓದುತ್ತಿದ್ದೇನೆ ಎಂಬುದೇ ಮರೆತು ಜಯನಗರದ ಹೊಸ್ತಿಲಲ್ಲಿ ಕೂತ ಹಾಗಾಯಿತು.

ಅಲ್ಲೇ ಆದದ್ದು ಅನಾಹುತ. ಕೊನೆಯ ಸಾಲು ಬಂತು, ಕೊನೆಯ ಪದ ಬಂತು. ಲಾರ್ಕಾಂಸಿಯೆಲ್ ಎಂದೆ. ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಲಾರ್ಕಾಂಸಿಯೆಲ್, ಲಾರ್ಕಾಂಸಿಯೆಲ್ ಎಂದು ಇನ್ನೆರಡು ಸಲ ಹೇಳಿ ಸಮಕ್ಕೆ ಸರಿಯಾಗಿ ತೊಡೆಯ ಮೇಲೆ ಪಟ್ಟೆಂದು ತಟ್ಟಿಬಿಟ್ಟೆ.

ಮುಖ್ಯಸ್ಥೆ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, “ಇಲ್ಲಿ ಒಂದೇ ಕಾಮನಬಿಲ್ಲು ಇದೆ,” ಎಂದರು.

ಭೂಮಿ ಬಾಯಿ ಬಿಟ್ಟಿದ್ದರೆ ಶಾಲಿನ ಸಮೇತ ಒಳಗೆ ಇಳಿದುಬಿಡುತ್ತಿದ್ದೆ. ಕೆಲಸ ಹೋಯಿತು ಎಂದುಕೊಂಡೆ. ಸಿಸ್ಟರ್ ಕಣ್ಣು ತೆರೆದಿದ್ದರು. ಅದೇನದು ಎಂದು ಕೇಳಿದರು. ಇನ್ನು ಮುಚ್ಚಿಟ್ಟು ಆಗಬೇಕಾದದ್ದೇನು ಎಂದು ಎಲ್ಲ ಹೇಳಿಬಿಟ್ಟೆ. ನಮ್ಮ ಮನೆಯಲ್ಲಿ ಹೀಗೆಯೇ ಮುಗಿಸುವುದು, ಕಲಿಸಿದವರು ನಮ್ಮ ಮಾವನವರು, ಅವರು ಮೃದಂಗದವರು ಎಂದು.

“ಅವರಿಗೆ ಫ್ರೆಂಚ್ ಎಲ್ಲಿ ಕಲಿಯಲು ಸಿಕ್ಕಿತು?”

“ಅವರಿಗೆ ಫ್ರೆಂಚ್ ಬರುವುದಿಲ್ಲ, ಸಿಸ್ಟರ್. ಒಂದು ಅಕ್ಷರವೂ.”

ಆಕೆ ಪುಸ್ತಕವನ್ನು ಮತ್ತೆ ನನ್ನ ಮುಂದಕ್ಕೆ ಸರಿಸಿದರು. ಆಮೇಲೆ, ಇನ್ನೊಂದು ಸಲ ಓದಿ, ಈ ಸಲ ಎರಡೂ ಕೈ ಮೇಜಿನ ಮೇಲಿರಲಿ, ಕಾಮನಬಿಲ್ಲು ಒಂದೇ ಇರಲಿ ಎಂದರು.

ಕೈ ಇಲ್ಲದೆ ಓದುವುದನ್ನು ನಾನು ಕಲಿತಿರಲಿಲ್ಲ. ಮೇಜಿನ ಮೇಲೆ ಎರಡೂ ಕೈ ಬೇರೆಯವರದೆಂಬಂತೆ ಬಿದ್ದಿದ್ದವು. ಮೊದಲ ಸಾಲು ನಡುಗಿತು. ಎರಡನೆಯ ಸಾಲಿನಲ್ಲಿ ಚಪ್ಪಲಿಯೊಳಗೆ ಹೆಬ್ಬೆರಳು ಮೆಲ್ಲಗೆ ಎದ್ದಿತು. ಮೇಜಿನ ಕೆಳಗೆ ಏನಾಗುತ್ತಿದೆ ಎಂದು ಸನ್ಯಾಸಿನಿಯರು ಬಗ್ಗಿ ನೋಡುವುದಿಲ್ಲ. ಕೊನೆಯವರೆಗೂ ಹೋದೆ. ಕಾಮನಬಿಲ್ಲನ್ನು ಒಂದೇ ಸಲ ಹೇಳಿ, ಮಿಕ್ಕ ಎರಡನ್ನು ಉಗುಳಿನ ಜೊತೆ ನುಂಗಿಕೊಂಡೆ.

ಸಿಸ್ಟರ್ ಪಕ್ಕದಲ್ಲಿದ್ದವರಿಗೆ ಫ್ರೆಂಚಿನಲ್ಲಿ ಹೇಳಿದರು. ನನಗೆ ಅರ್ಥವಾಯಿತು. ಕೆಲವು ಸ್ವರಗಳು ಕೆಟ್ಟದಾಗಿವೆ, ಅವನ್ನು ನಾನು ತಿದ್ದುತ್ತೇನೆ. ಎಲ್ಲಿ ಇಳಿಯಬೇಕು ಎಂಬುದು ಇವಳಿಗೆ ಗೊತ್ತು, ಅದನ್ನು ನಾನು ಇಷ್ಟು ವರ್ಷದಲ್ಲಿ ಯಾರಿಗೂ ಕಲಿಸಲಾಗಲಿಲ್ಲ ಎಂದು. ಮುಖ್ಯಸ್ಥೆ ನನ್ನ ಕಡೆ ತಿರುಗಿ, ಸೋಮವಾರದಿಂದ ಬನ್ನಿ ಎಂದರು. ಬಸ್ ಸ್ಟಾಪಿಗೆ ಹೇಗೆ ಬಂದೆನೋ ನನಗೆ ನೆನಪಿಲ್ಲ. ಕಂಡಕ್ಟರ್ ಎಲ್ಲಿಗಮ್ಮ ಎಂದರೆ ನಗುತ್ತಾ ಕೂತಿದ್ದೆ.

ಮಾವನವರು ಗೇಟಿನ ಹತ್ತಿರ ನಿಂತಿದ್ದರು. ನಾನು ಒಳಗೆ ಕಾಲಿಡುವ ಮೊದಲೇ, “ಲಯ ನಿಲ್ತಾ?” ಎಂದರು. ಮೂರು ಕಾಮನಬಿಲ್ಲಿನ ಕತೆ ಹೇಳಿದೆ. “ಮೂರನೇದು ಸಮಕ್ಕೆ ಬಂತಾ?” ಎಂದು ಕೇಳಿದರು. ಬಂತು ಎಂದೆ. ಕೆಮ್ಮು ಬರುವ ತನಕ ನಕ್ಕರು. ಆ ಸದ್ದಿಗೆ ಅತ್ತೆಯವರು ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದು, “ಅದಿರ್ಲಿ, ಕೆಲಸ ಏನಾಯ್ತು?” ಎಂದರು.

“ಸಿಕ್ತು ಅತ್ತೆ. ಸೋಮವಾರದಿಂದ.”

ಅತ್ತೆಯವರು ಸಕ್ಕರೆ ತರಲು ಒಳಗೆ ಹೋದರು. ಮಾವನವರು, “ಒಳ್ಳೇದಾಯ್ತಮ್ಮಾ. ಬಹಳ ಸಂತೋಷ,” ಎಂದರು. ನಿಜವಾಗಿ ಸಂತೋಷಪಟ್ಟೇ ಹೇಳಿದರು. ಆಮೇಲೆ ಮೆಲ್ಲಗೆ ಜಗಲಿ ಹತ್ತಿ ಕುರ್ಚಿಯಲ್ಲಿ ಕೂತು, ಕೈಯನ್ನು ಕೈಯ ಮೇಲಿಟ್ಟುಕೊಂಡು ಹೇಳಿದರು. “ಹಾಗಾದ್ರೆ ಸೋಮವಾರದಿಂದ ಮಧ್ಯಾಹ್ನ ನೀನು ಇರಲ್ಲ.”

ನನ್ನ ನಗು ಅಲ್ಲೇ ನಿಂತಿತು. ಇಷ್ಟು ತಿಂಗಳು ಆ ಕೆಲಸವೊಂದೇ ಕಣ್ಣ ಮುಂದಿತ್ತು. ಸಿಕ್ಕಿದರೆ ಈ ಜಗಲಿಯಲ್ಲಿ ಏನು ಉಳಿಯುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅವರು ಯೋಚಿಸಿದ್ದರು. ಬೆಳಗಿನ ತಿಂಡಿ ಹಾಗೆಯೇ ಉಳಿದಿದ್ದು ನಾನು ಸೋಲುತ್ತೇನೆಂಬ ಭಯಕ್ಕಷ್ಟೇ ಅಲ್ಲ. ಸೋಲಬಾರದೆಂದು ಅಷ್ಟು ಕಷ್ಟಪಟ್ಟು ಕಲಿಸಿದವರೂ ಅವರೇ.

ನಾನು ಜಗಲಿಯ ಮೆಟ್ಟಿಲ ಮೇಲೆ, ಅವರ ಎದುರಿಗೇ, ಕೂತೆ.

“ಸಂಜೆ ಬಂದ್ಬಿಡ್ತೀನಿ ಮಾವ. ಬರೋವಾಗ ಆ ಹುಡುಗೀರು ಎಲ್ಲೆಲ್ಲಿ ತಪ್ಪು ಹೇಳ್ತಾರೋ ಎಲ್ಲಾನೂ ತರ್ತೀನಿ. ಅವರೂ ನಮ್ಮ ಹಾಗೇ ಮೊದಲನೇ ಅಕ್ಷರ ಕುಟ್ಟೋರು. ತಿದ್ದೋದು ಹೇಗೆ ಅಂತ ನೀವು ಹೇಳ್ಬೇಕು. ನನಗೆ ಒಬ್ಬಳಿಗೇ ಆಗಲ್ಲ.”

“ಎಷ್ಟು ಜನ ಇದಾರೆ?”

“ಇಪ್ಪತ್ತು, ಇಪ್ಪತ್ತೈದು ಇರ್ಬೋದು.”

“ಇಪ್ಪತ್ತೈದಾ?” ಎಂದು ಅವರು ನೆಟ್ಟಗೆ ಕೂತರು. “ಅಷ್ಟು ಜನ ಶಿಷ್ಯರು ನನಗೆ ಯಾವತ್ತೂ ಇರ್ಲಿಲ್ಲ.”

ಒಳಗಿನಿಂದ ಸಕ್ಕರೆ ಬಟ್ಟಲು ತಂದ ಅತ್ತೆಯವರನ್ನು ಅವರು ನೋಡಲೇ ಇಲ್ಲ. “ಮೊದಲನೇ ದಿನ ಯಾವ ಪಾಠ ಅಂತ ಹೇಳು,” ಎಂದರು ನನಗೆ. “ಈಗ್ಲೇ ಹೇಳು. ನಾನು ಯೋಚನೆ ಮಾಡ್ಬೇಕು.”